ನಸುಗುನ್ನಿಯಿಂದ ಚೊಗರು ಬಣ್ಣದ ನರಕೋಶದವರೆಗೆ

ತೀರ್ಥಹಳ್ಳಿ ಕಡೆ ಬೇಲಿ ಮೇಲೆ ನಸುಗುನ್ನಿ ಬಳ್ಳಿ ಕಂಡರೆ ದನ ಕಾಯುವ ಹುಡುಗರೂ ದೂರ ಸರಿಯುತ್ತಾರೆ. ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ಮುಗೀತು, ತುರಿಸಿ ತುರಿಸಿ ಸಾಕಾಗುತ್ತದೆ. ಆದರೆ ಒಳಗಿನ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತು ಧಾರಾಳವಾಗಿದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಈ ಬೀಜದಿಂದ ಬೇರ್ಪಡಿಸಿದರು. ಕೈಕಾಲು ನಡುಗಿಸುವ, ನಡೆ ನಿಧಾನವಾಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಮುಖ್ಯ ಔಷಧಿ ಇದೇ. ಹಾಗಂತ ಸುಮ್ನೆ ಬೀಜ ಅರೆದು ಕುಡಿಯೋಕೆ ಹೋಗಬೇಡಿ. ಪ್ರಮಾಣ ಜಾಸ್ತಿಯಾದರೆ ವಾಂತಿ, ಭ್ರಮೆ ಎಲ್ಲ ಶುರುವಾಗಬಹುದು.

ನಮ್ಮ ಮಿದುಳು ಎಲ್-ಡೋಪಾವನ್ನು ತಾನೇ ಮಾಡಿಕೊಳ್ಳುತ್ತದೆ. ಊಟದ ಪ್ರೋಟೀನಿನಲ್ಲಿ ಬರುವ ಟೈರೋಸಿನ್ ಅದಕ್ಕೆ ಕಚ್ಚಾ ಮಾಲು. ಕೆಲಸ ಮಾಡುವ ಕಿಣ್ವ ಟೈರೋಸಿನ್ ಹೈಡ್ರಾಕ್ಸಿಲೇಸ್. 1964ರಲ್ಲಿ ನಾಗತ್ಸು ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಎಲ್-ಡೋಪಾ ಮುಂದೆ ಡೋಪಮೈನ್ ಆಗುತ್ತದೆ, ಅಂದರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ. ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಸಾಯುವುದು ಈ ಕಿಣ್ವ ಇರುವ ನರಕೋಶಗಳೇ. ಎಷ್ಟು ಸತ್ತವು, ಎಷ್ಟು ಉಳಿದವು ಅಂತ ಎಣಿಸಬೇಕಲ್ವಾ? ಬಣ್ಣವಿಲ್ಲದ ಸಾವಿರಾರು ಕೋಶಗಳ ನಡುವೆ ಅವನ್ನು ಗುರುತಿಸುವುದು ಹೇಗೆ?

ಇಲ್ಲಿ ಮೊಲದ ಸಹಾಯ ಬೇಕು. ಇಲಿಯ ಈ ಕಿಣ್ವವನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ದೇಹ ಅದನ್ನು ಪರಕೀಯ ಎಂದು ತಿಳಿದು ಹಿಡಿಯುವ ಪ್ರತಿಕಾಯ ತಯಾರಿಸುತ್ತದೆ. ರಕ್ತದಿಂದ ಆ ಪ್ರತಿಕಾಯ ತೆಗೆದು, ಮಿದುಳಿನ ತೆಳ್ಳನೆ ಹಾಳೆಯ ಮೇಲೆ ಹಾಕುತ್ತಾರೆ. ಅದು ಹೋಗಿ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಆಗ ಮೊಲದ ಪ್ರತಿಕಾಯವನ್ನೇ ಹಿಡಿಯುವ ಎರಡನೇ ಪ್ರತಿಕಾಯ ಬಿಡುತ್ತಾರೆ. ಇದರ ಬೆನ್ನಿಗೆ ಬಣ್ಣ ಹುಟ್ಟಿಸುವ ಇನ್ನೊಂದು ಕಿಣ್ವ ಕಟ್ಟಿರುತ್ತಾರೆ. (ಅದು ಸಿಗುವುದು ಮೂಲಂಗಿಯ ನೆಂಟ ಗಿಡವೊಂದರ ಬೇರಿನಿಂದ!) ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಡಿಎಬಿ ಎಂಬ ರಾಸಾಯನಿಕ ಬಿದ್ದರೆ, ಕೆಲವೇ ನಿಮಿಷಗಳಲ್ಲಿ ಕೋಶಗಳು ಕಂದುಬಣ್ಣಕ್ಕೆ ತಿರುಗುತ್ತವೆ. ನಮ್ಮ ಅಡಿಕೆ ಚೊಗರಿನ ಬಣ್ಣ ಅಂದುಕೊಳ್ಳಿ.

ಕಂದು ಕಂಡಿತು ಅಂತ ಕುಣಿಯುವ ಹಾಗಿಲ್ಲ. ಪ್ರತಿಕಾಯ ಹಿಡಿಯುವುದು ಕಿಣ್ವದ ಒಂದು ಚಿಕ್ಕ ತುಣುಕನ್ನು. ಅಂಥದೇ ತುಣುಕು ಬೇರೆ ಪ್ರೋಟೀನಿನಲ್ಲಿದ್ದರೆ ಅಲ್ಲಿಗೂ ಅಂಟೀತು. ಹಾಗಾಗಿ ಮೊದಲ ಪ್ರತಿಕಾಯ ಹಾಕದೆಯೇ ಒಂದು ಹಾಳೆಗೆ ಉಳಿದದ್ದೆಲ್ಲ ಮಾಡಿ ನೋಡುತ್ತಾರೆ. ಅದೂ ಕಂದಾದರೆ ಎರಡನೆಯದರದ್ದೇ ಕಿತಾಪತಿ. ಇನ್ನೊಂದು ಪರೀಕ್ಷೆಯಲ್ಲಿ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುತ್ತಾರೆ. ಪ್ರತಿಕಾಯ ಅಂಟಿದ ಪಟ್ಟಿ ಈ ಕಿಣ್ವದ ತೂಕವಾದ 60 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಲ್ಲೇ ಬರಬೇಕು. ಇಷ್ಟಾದ ಮೇಲೂ ಕಂದಾದದ್ದೆಲ್ಲ ಡೋಪಮೈನ್ ಕೋಶವಲ್ಲ. ಡೋಪಮೈನಿನಂಥದೇ ಇನ್ನೊಂದು ಸುದ್ದಿವಾಹಕ ನಾರ್‌ಅಡ್ರಿನಲಿನ್ ಮಾಡುವ ಕೋಶಗಳಲ್ಲೂ ಇದೇ ಕಿಣ್ವ ಇರುತ್ತದೆ.

ನನಗೆ ಎಲ್ಲಕ್ಕಿಂತ ಕುತೂಹಲದ್ದು ಮತ್ತೊಂದು ಮಿತಿ. ಕಿಣ್ವ ಇದೆ ಅಂತ ಗೊತ್ತಾಗುತ್ತದೆ, ಕೆಲಸ ಮಾಡುತ್ತಿದೆಯೋ ಅಂತ ಅಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗಾರ ತೋಟಕ್ಕೆ ಬಂದಿದ್ದಾನೆ ಎಂದಷ್ಟೇ ಈ ಪ್ರತಿಕಾಯ ಹೇಳಿದ ಹಾಗೆ. ಮರ ಹತ್ತಿದ್ದಾನೋ, ಬುಡದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಾನೋ, ಗೊತ್ತಾಗುವುದಿಲ್ಲ. ಈ ಕಿಣ್ವದ ಸರಪಳಿಯಲ್ಲಿ 40ನೇ ಜಾಗದಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿದಾಗ ಅದು ಚುರುಕಾಗುತ್ತದೆ. ಆ ಫಾಸ್ಫೇಟ್ ಅಂಟಿದ ಕಿಣ್ವವನ್ನಷ್ಟೇ ಹಿಡಿಯುವ ಬೇರೆ ಪ್ರತಿಕಾಯಗಳೂ ಇವೆ. ಆದರೆ ಮಿದುಳಿನ ಅಂಗಾಂಶವನ್ನು ಕೂಡಲೇ ಕೆಡದಂತೆ ಹಿಡಿದಿಡಬೇಕು. ಸ್ವಲ್ಪ ತಡವಾದರೂ ಫಾಸ್ಫೇಟ್ ಕಳಚಿಹೋಗುತ್ತದೆ. ನಾವು ನೋಡುವಷ್ಟರಲ್ಲಿ ಕೊನೆಗಾರ ಮರ ಇಳಿದಿರುತ್ತಾನೆ.