ಮಾಲೆ ತೆಗೆದ ಮೇಲೆ: ಧರ್ಮ ಮತ್ತು ನಡತೆಯ ಬಗ್ಗೆ ಅಧ್ಯಯನ ಟಿಪ್ಪಣಿ

‘ಧರ್ಮ ಮನುಷ್ಯನ ನೈತಿಕ ಸ್ವಭಾವವನ್ನು ಬದಲಾಯಿಸಬಲ್ಲದೇ?’ ನೀತಿಶಾಸ್ತ್ರ ಓದುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ಸಲ ಎದುರಾಗುತ್ತದೆ. ಉತ್ತರ ಬರೆಯುವಾಗ ನಮ್ಮಲ್ಲಿ ಬಹಳ ಜನ ಬಸವಣ್ಣನವರ ‘ಕಳಬೇಡ ಕೊಲಬೇಡ’ ಬರೆದು, ಅದನ್ನೇ ವಿವರಿಸಿ ಎರಡು ಪುಟ ತುಂಬಿಸಿಬಿಡುತ್ತಾರೆ. ವಚನ ಸೊಗಸಾಗಿದೆ, ಸರಿ. ಆದರೆ ಅದು ಹೇಳುವುದು ಧರ್ಮ ನಮ್ಮಿಂದ ಏನು ಕೇಳುತ್ತದೆ ಅಂತ. ಕೇಳಿದ್ದನ್ನು ಜನ ಮಾಡಿದರಾ, ಮಾಡಿ ಬದಲಾದರಾ ಅನ್ನೋದು ಬೇರೆ ಮಾತು. ಇಲ್ಲಿ ಕೇಳಿರುವುದು ಅದನ್ನೇ.

ಮಂಡ್ಯ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳೋಣ. ನವೆಂಬರ್ ಮಧ್ಯ ದಾಟಿದರೆ ಆಲೆಮನೆಯ ಕೊಪ್ಪರಿಗೆ ಮುಂದೆ ಕಪ್ಪು ಪಂಚೆ ಉಟ್ಟು, ಅಯ್ಯಪ್ಪನ ಮಾಲೆ ಹಾಕಿದವರು ಒಬ್ಬರಾದರೂ ಸಿಗುತ್ತಾರೆ. ಸಂಜೆಯಾದರೆ ಬಾರ್ ಕಡೆ ಹೊರಡುತ್ತಿದ್ದವರು 41 ದಿನ ಅತ್ತ ತಲೆ ಹಾಕುವುದಿಲ್ಲ. ಬೀಡಿ ಇಲ್ಲ, ಬೈಗುಳ ಇಲ್ಲ, ಬೆಳಗಿನ ಜಾವ ತಣ್ಣೀರು ಸ್ನಾನ. ನಿನ್ನೆವರೆಗೂ ‘ಲೋ ಮಗಾ’ ಅಂತಿದ್ದ ಗೆಳೆಯರೇ ‘ಸ್ವಾಮಿ, ಕಾಫಿ ತಗೋತೀರಾ’ ಅನ್ನುತ್ತಾರೆ. ಎಣ್ಣೆ ಹೊಡೆಯೋಕೆ ಯಾರೂ ಕರೆಯುವುದಿಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮೇಲೆ? ಕೆಲವರು ಕುಡಿತ ಪೂರ್ತಿ ಬಿಟ್ಟುಬಿಡುತ್ತಾರೆ. ಕೆಲವರು ಅದೇ ವಾರ ಹಳೇ ಜಾಗಕ್ಕೆ ವಾಪಸ್.

ವಾಪಸ್ ಹೋದವರ ವ್ರತ ನಾಟಕ ಅಂತ ನಾನು ಒಪ್ಪುವುದಿಲ್ಲ. 41 ದಿನ ಕುಡಿಯದೇ ಇದ್ದದ್ದು ನಿಜ, ಆ ದಿನಗಳ ಕೂಲಿ ಮನೆಗೆ ಬಂದದ್ದೂ ನಿಜ. ಆದರೆ ಅದು ನಡವಳಿಕೆಯ ಬದಲಾವಣೆ. ಸುತ್ತಲಿನ ಕಟ್ಟುಪಾಡು ಹೋದ ಮೇಲೂ ನಿಂತರೆ ಮಾತ್ರ ಸ್ವಭಾವದ ಬದಲಾವಣೆ. ಇಡೀ ಊರಿಗೂ ಇದೇ ಲೆಕ್ಕ. ಮೇಲುಕೋಟೆಯಲ್ಲಿ ತಿರುಕುಲದವರೆಂದು ಕರೆಸಿಕೊಂಡ ದಲಿತರಿಗೆ ವರ್ಷದಲ್ಲಿ ಕೆಲವೇ ದಿನ ಗುಡಿಯೊಳಗೆ ಪ್ರವೇಶವಿತ್ತು. ರಾಮಾನುಜರು ಮಾಡಿಕೊಟ್ಟ ಏರ್ಪಾಡು ಅಂತ ಪ್ರತೀತಿ. ಆ ದಿನಗಳು ಮುಗಿದರೆ ಮತ್ತೆ ಹೊರಗೇ. ನೂರಾರು ವರ್ಷ ಆ ಕೆಲವು ದಿನ ಉಳಿದ ದಿನಗಳಿಗೆ ಹಬ್ಬಲಿಲ್ಲ.

ಹಾಗಾದರೆ ಬೋಧನೆ ಜಾಸ್ತಿ ಮಾಡಿದರೆ ಆದೀತಾ? ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬರೆಯಲೇಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಇನ್ನೊಂದು ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ಅರ್ಧ ಜನರ ವಿಷಯ, ಬೈಬಲ್‌ನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಕಾಪಾಡಿದ ಸಮಾರ್ಯದವನ ಕಥೆ. ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು ಕೆಮ್ಮುತ್ತಾ ಕೂತಿದ್ದ. ಆತುರ ಇಲ್ಲದವರಲ್ಲಿ ಶೇ. 63ರಷ್ಟು ಜನ ನೆರವಾದರು. ‘ತಡವಾಯಿತು, ಬೇಗ ಹೋಗಿ’ ಅನ್ನಿಸಿಕೊಂಡವರಲ್ಲಿ ಶೇ. 10. ತಲೆಯಲ್ಲಿ ಆ ಕಥೆಯೇ ಇದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಗಡಿಯಾರ ಗೆದ್ದುಬಿಟ್ಟಿತು.

ಅಭ್ಯಾಸದಿಂದಲೇ ಸ್ವಭಾವ ಅನ್ನುವ ಅರಿಸ್ಟಾಟಲ್ ನಿಮಗೆ ಗೊತ್ತೇ ಇದೆ, ಒಂದು ಸಾಲು ಸಾಕು. ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿದ ತತ್ವಶಾಸ್ತ್ರ ವಿದ್ವಾಂಸ ಎಂ. ಹಿರಿಯಣ್ಣನವರನ್ನು ಮಾತ್ರ ಬಿಡಬೇಡಿ. ನಮ್ಮ ದರ್ಶನಗಳು ಯೋಚಿಸುವ ರೀತಿಯಷ್ಟೇ ಅಲ್ಲ, ಬದುಕುವ ರೀತಿ ಕೂಡ ಅಂತ 1932ರಲ್ಲೇ ಬರೆದವರು ಅವರು.

ಇನ್ನು ನಿಜವಾದ ತೊಡಕು. ಮಾಲೆ ಹಾಕುವವರು ಯಾರು? ಕುಡಿತ ಬಿಡಬೇಕು ಅಂತ ಮೊದಲೇ ಮನಸ್ಸು ಮಾಡಿದವರೇ ಹಾಕಿದ್ದರೆ, ಬದಲಾಯಿಸಿದ್ದು ಮಾಲೆಯಾ, ಆ ಮನಸ್ಸಾ? ಭಕ್ತರನ್ನೂ ಭಕ್ತರಲ್ಲದವರನ್ನೂ ಸುಮ್ನೆ ಹೋಲಿಸಿದರೆ ಇದು ಬಿಡಿಸಲಾಗದು. ಮನಸ್ಸು ಎಲ್ಲರದ್ದೂ ಒಂದೇ ಇದ್ದು, ಅವಕಾಶ ಮಾತ್ರ ಚೀಟಿ ಎತ್ತಿದ ಹಾಗೆ ಸಿಕ್ಕಬೇಕು.

ಅಂಥ ಒಂದು ಸಂದರ್ಭ ಪಾಕಿಸ್ತಾನದಲ್ಲಿ ಸಿಕ್ಕಿತು. 2006ರ ಹಜ್ ಯಾತ್ರೆಗೆ ಅರ್ಜಿ ಹಾಕಿದವರಲ್ಲಿ ಲಾಟರಿ ಬಿದ್ದವರು ಹೋದರು, ಬೀಳದವರು ಉಳಿದರು. ಕ್ಲಿಂಗಿಂಗ್‌ಸ್ಮಿತ್, ಖ್ವಾಜಾ, ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ತಿಂಗಳುಗಳ ನಂತರ ಎರಡೂ ಗುಂಪಿನ ಸುಮಾರು 1,600 ಜನರನ್ನು ಮಾತಾಡಿಸಿದರು. ಹೋಗಿ ಬಂದವರ ಧರ್ಮಾಚರಣೆ ಜಾಸ್ತಿಯಾಗಿತ್ತು. ಜೊತೆಗೆ ಬೇರೆ ಪಂಗಡ, ಬೇರೆ ಧರ್ಮದವರ ಬಗ್ಗೆ ಸಹನೆಯೂ, ಹೆಣ್ಣುಮಕ್ಕಳ ಓದು ಮತ್ತು ದುಡಿಮೆಗೆ ಒಪ್ಪಿಗೆಯೂ ಹೆಚ್ಚಿತ್ತು. ಆಚರಣೆ ಹೆಚ್ಚಾದರೆ ಮನಸ್ಸು ಮುಚ್ಚಿಕೊಳ್ಳುತ್ತದೆ ಅನ್ನುವವರಿಗೆ ಇದು ಕಷ್ಟದ ಫಲಿತಾಂಶ, ಅಲ್ವಾ? ಕಾರಣವಾಗಿ ಅವರು ಮುಂದಿಟ್ಟದ್ದು ಪ್ರವಚನವನ್ನಲ್ಲ, ದೇಶದೇಶಗಳ ಜನರ ಜೊತೆಗಿನ ಒಡನಾಟವನ್ನು.

ಆದ್ದರಿಂದ ‘ಬದಲಾಯಿಸಬಲ್ಲದು, ಆದರೆ ಆಚರಣೆ ಮತ್ತು ಸಹವಾಸದ ಮೂಲಕ’ ಅಂತ ನಾನು ಬರೆಯುತ್ತೇನೆ. ಇದಕ್ಕೊಂದು ಆಕ್ಷೇಪ ಇದೆ, ಅದನ್ನೂ ನೀವೇ ಎತ್ತಬೇಕು: ಆ ಸಮೀಕ್ಷೆ ಅಳೆದದ್ದು ಮುಖ್ಯವಾಗಿ ಜನರ ಅಭಿಪ್ರಾಯವನ್ನು. ಮಗಳು ಓದಲಿ ಅಂತ ಹೇಳಿದವರೆಲ್ಲ ಶಾಲೆಗೆ ಫೀಸ್ ಕಟ್ಟಿರುತ್ತಾರೆ ಅಂತ ಏನೂ ಇಲ್ಲ.