ವೆಬ್ ಸರ್ವರ್ ಅಂದರೆ ಏನು?

"ಸರ್ವರ್ ಡೌನ್ ಇದೆ, ಆಮೇಲೆ ಬನ್ನಿ" ಅನ್ನುವ ಮಾತು ಬ್ಯಾಂಕಿನಲ್ಲೋ ಕಚೇರಿಯಲ್ಲೋ ಎಲ್ಲರೂ ಕೇಳಿದ್ದೇವೆ. ಎಲ್ಲೋ ಎಸಿ ಕೋಣೆಯಲ್ಲಿರುವ ಭಾರಿ ಯಂತ್ರವೇ ಸರ್ವರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಸರ್ವರ್ ಆಗಲು ಯಂತ್ರ ದೊಡ್ಡದಿರಬೇಕು ಅಂತೇನಿಲ್ಲ. ಯಾರಾದರೂ ಒಂದು ಪುಟ ಕೇಳಿದರೆ ತಕ್ಷಣ ಕಳಿಸಲು ಸದಾ ಕಾದಿರುವ ಪ್ರೋಗ್ರಾಂ ವೆಬ್ ಸರ್ವರ್. ಅದು ಓಡುವ ಕಂಪ್ಯೂಟರಿಗೂ ಅದೇ ಹೆಸರು. ಪುಟ ಕೇಳುವುದು ಬ್ರೌಸರ್‌ನ, ಅಂದರೆ ನಾವು ವೆಬ್ ಪುಟ ನೋಡಲು ಬಳಸುವ ಕ್ರೋಮ್‌ನಂಥ ಪ್ರೋಗ್ರಾಂನ ಕೆಲಸ.

ಮೊದಲ ವೆಬ್ ಸರ್ವರ್ ಇದ್ದದ್ದು ಮೇಜಿನ ಮೇಲೆ! ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಬೇರೆ ಬೇರೆ ಬಗೆಯ ಕಂಪ್ಯೂಟರ್ ಬಳಸುತ್ತಿದ್ದರು. ಒಂದರಲ್ಲಿದ್ದ ಮಾಹಿತಿಯನ್ನು ಇನ್ನೊಂದರಿಂದ ನೋಡುವುದು ದೊಡ್ಡ ತಲೆನೋವಾಗಿತ್ತು. ಇದಕ್ಕೆ ಪರಿಹಾರವಾಗಿ ಅಲ್ಲೇ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ತಜ್ಞ ಟಿಮ್ ಬರ್ನರ್ಸ್-ಲೀ 1989ರಲ್ಲಿ ಒಂದು ಯೋಜನೆ ಬರೆದುಕೊಟ್ಟರು. ಅದೇ ಮುಂದೆ ವೆಬ್ ಆಯಿತು. 1990ರ ಕೊನೆಗೆ ನೆಕ್ಸ್ಟ್ ಅನ್ನುವ ಕಂಪನಿಯ ತಮ್ಮ ಕಂಪ್ಯೂಟರಿನಲ್ಲಿ ಸರ್ವರ್, ಬ್ರೌಸರ್ ಎರಡನ್ನೂ ಓಡಿಸಿದರು. ಆಗ ಬ್ರೌಸರ್ ಕಳಿಸುತ್ತಿದ್ದದ್ದು ಒಂದೇ ಸಾಲು: 'ಗೆಟ್' ಅನ್ನುವ ಪದ, ಪಕ್ಕದಲ್ಲಿ ಪುಟದ ವಿಳಾಸ. ಸರ್ವರ್ ಆ ಪುಟ ಕಳಿಸಿ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಅಷ್ಟೇ.

ಆ ಕಂಪ್ಯೂಟರಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. 'ಇದು ಸರ್ವರ್, ಆಫ್ ಮಾಡಬೇಡಿ' ಅಂತ ಕೈಬರಹದ ಎಚ್ಚರಿಕೆ. ನೋಡಲು ಮಾಮೂಲಿ ಕಂಪ್ಯೂಟರ್ ಅಲ್ವಾ, ಯಾರಾದರೂ ಸುಮ್ನೆ ಆಫ್ ಮಾಡಿಬಿಟ್ಟರೆ ಇಡೀ ವೆಬ್ಬೇ ನಿಂತುಹೋಗುತ್ತಿತ್ತು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಯುರೋಪಿನ ಹೊರಗಿನ ಮೊದಲ ಸರ್ವರ್. 1991ರ ಸೆಪ್ಟೆಂಬರ್‌ನಲ್ಲಿ ಸರ್ನ್‌ಗೆ ಬಂದಿದ್ದ ಭೌತವಿಜ್ಞಾನಿ ಪಾಲ್ ಕುಂಜ್ ಅವರಿಗೆ ಬರ್ನರ್ಸ್-ಲೀ ವೆಬ್ ತೋರಿಸಿದರು. ಕುಂಜ್ ಕೆಲಸ ಮಾಡುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ. ಅಲ್ಲಿನ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನಲ್ಲಿ ಭೌತವಿಜ್ಞಾನದ ಪ್ರಬಂಧಗಳ ದೊಡ್ಡ ಪಟ್ಟಿ ಇತ್ತು, ಹೆಸರು ಸ್ಪೈರ್ಸ್. ಅದನ್ನು ವೆಬ್‌ಗೆ ತರಬೇಕು ಅಂತ ಗಟ್ಟಿಯಾಗಿ ಬೆನ್ನು ಹತ್ತಿದವರು ಗ್ರಂಥಪಾಲಕಿ ಲೂಯಿಸ್ ಆಡಿಸ್. ಡಿಸೆಂಬರ್ 12ಕ್ಕೆ ಸರ್ವರ್ ಸಿದ್ಧವಾಯಿತು. ಇದು ಮೊದಲೇ ಬರೆದಿಟ್ಟ ಪುಟವನ್ನಷ್ಟೇ ಕೊಡುತ್ತಿರಲಿಲ್ಲ. ನೀವು ಕೇಳಿದ್ದನ್ನು ಪಟ್ಟಿಯಲ್ಲಿ ಹುಡುಕಿಸಿ, ಸಿಕ್ಕಿದ್ದನ್ನು ಪುಟವಾಗಿ ಕಳಿಸುತ್ತಿತ್ತು. ಇವತ್ತು ರೈಲಿನ ಸೀಟು ನೋಡುವಾಗ ನಡೆಯುವುದೂ ಇದೇ. ವೆಬ್ ಯಾತಕ್ಕೆ ಬೇಕು ಅನ್ನುವುದು ಭೌತವಿಜ್ಞಾನಿಗಳಿಗೆ ಮನವರಿಕೆಯಾದದ್ದು ಇದರಿಂದಲೇ.

1993ರ ಏಪ್ರಿಲ್ 30ರಂದು ಸರ್ನ್ ತನ್ನ ವೆಬ್ ಸಾಫ್ಟ್‌ವೇರನ್ನು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಸರ್ವರ್ ಇಡಲು ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ. ಇವತ್ತು ನಿಮ್ಮ ಲ್ಯಾಪ್‌ಟಾಪನ್ನೂ ಸರ್ವರ್ ಮಾಡಬಹುದು, ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಂಡರೆ ಸಾಕು.