ಸಹಿ ಯಾರದ್ದು, ಕೈ ಯಾರದ್ದು?

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಹಾಗಾಗಿ ಅವರ ಪುಸ್ತಕದ 2012ರಲ್ಲಿ ಅಚ್ಚಾದ ಪ್ರತಿಯನ್ನು ತಂದು, ಇದರಲ್ಲಿ ಅವರದೇ ಸಹಿ ಇದೆ ಎಂದು ಯಾರಾದರೂ ಹೇಳಿದರೆ ಭೂತಗನ್ನಡಿ ಹುಡುಕಬೇಕಾಗಿಲ್ಲ. ಒಂದು ಪುಟ ತಿರುಗಿಸಿ ಮುದ್ರಣದ ವರ್ಷ ನೋಡಿದರೆ ಸಾಕು. ನಕಲಿ ಮಾಡುವವರು ಸಹಿಯನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ, ಕಾಗದದ ವಯಸ್ಸು ನೋಡುವುದನ್ನು ಮರೆಯುತ್ತಾರೆ.

ಗಾಂಧೀಜಿ ಸಹಿಗೂ ಇದೇ ಲೆಕ್ಕ. ಆಟೋಗ್ರಾಫ್ ಕೇಳಿದವರಿಂದ ಅವರು ಹರಿಜನ ನಿಧಿಗೆ ಐದು ರೂಪಾಯಿ ವಸೂಲಿ ಮಾಡುತ್ತಿದ್ದರು. ಕೊಟ್ಟು ಪಡೆದವರು ಬಹಳ ಜನ, ಹಾಗಾಗಿ ಹಳೇ ಟ್ರಂಕಿನಲ್ಲಿ ಒಂದು ಸಿಕ್ಕಿತು ಅಂದರೆ ನಂಬಬಹುದಾದ ಮಾತೇ. ಆದರೆ ಅದು ಬಾಲ್ ಪೆನ್ನಿನದ್ದಾದರೆ ಅನುಮಾನ ಪಡಬೇಕು. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಕೊನೆಗೆ. ಗಾಂಧೀಜಿ ತೀರಿಕೊಂಡದ್ದು 1948ರ ಜನವರಿಯಲ್ಲಿ. ಇನ್ನು ಕತ್ತಲಲ್ಲಿ ಆ ಕಾಗದದ ಮೇಲೆ ಯುವಿ ಟಾರ್ಚ್ ಬಿಟ್ಟು ನೋಡಿ. ನೀಲಿಯಾಗಿ ಹೊಳೆದರೆ ಆಟ ಮುಗಿಯಿತು. ಕಾಗದ ಜಾಸ್ತಿ ಬೆಳ್ಳಗೆ ಕಾಣಲಿ ಅಂತ ಸೇರಿಸುವ ಹೊಳಪಿನ ರಾಸಾಯನಿಕ ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ವಾಷಿಂಗ್ ಪೌಡರ್‌ನಲ್ಲೂ ಇರುವುದು ಅದೇ ಜಾತಿಯದ್ದು.

ಕಾಗದವೂ ಸರಿ, ಇಂಕೂ ಸರಿ ಅಂದಾಗ ಕಷ್ಟ ಶುರು. ಆಗ ಗೆರೆಯನ್ನೇ ಓದಬೇಕು.

ಸಹಿ ಹಾಕುವಾಗ ನಾವು ಯೋಚಿಸುವುದಿಲ್ಲ, ಅಲ್ವಾ? ಸಾವಿರಾರು ಸಲ ಹಾಕಿ ಹಾಕಿ ಮಿದುಳು ಆ ಚಲನೆಯನ್ನು ಒಂದೇ ಗಂಟಾಗಿ ಕಟ್ಟಿ ಇಟ್ಟುಕೊಂಡಿರುತ್ತದೆ. ಕೈ ಓಡುತ್ತಿರುವಾಗಲೇ ಪೆನ್ನಿನ ತುದಿ ಕಾಗದಕ್ಕೆ ತಾಗುತ್ತದೆ, ಓಡುತ್ತಿರುವಾಗಲೇ ಮೇಲೇಳುತ್ತದೆ. ಅದಕ್ಕೇ ಗೆರೆಯ ಎರಡೂ ತುದಿ ಚೂಪು. ನಡುವೆ ಒತ್ತಡ ಏರುತ್ತದೆ, ಇಳಿಯುತ್ತದೆ. ನಕಲು ಮಾಡುವವನು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾನೆ. ಅಜ್ಜಿ ಒಂದೇ ಎಳೆತಕ್ಕೆ ಬಿಟ್ಟ ರಂಗೋಲಿಯನ್ನು ಚಿಕ್ಕ ಹುಡುಗಿ ನೋಡಿಕೊಂಡು ಬಿಟ್ಟ ಹಾಗೆ. ಆಕಾರ ಬರುತ್ತದೆ, ಓಟ ಬರುವುದಿಲ್ಲ. ಮಸೂರದಲ್ಲಿ ನೋಡಿದರೆ ಸಣ್ಣ ನಡುಕ, ಮೊಂಡು ತುದಿ, ನಿಲ್ಲಬಾರದ ಕಡೆ ನಿಂತ ಪೆನ್ನು, ಮತ್ತೆ ತಿದ್ದಿದ ಗುರುತು ಕಾಣುತ್ತದೆ.

ಕನ್ನಡದ ಸಹಿ ಈ ವಿಷಯದಲ್ಲಿ ನಕಲಿಗಾರನಿಗೆ ಇನ್ನೂ ತಲೆನೋವು. ನಮ್ಮ ಅಕ್ಷರಗಳಲ್ಲಿ ಇರುವುದೆಲ್ಲ ದುಂಡು. ನಿಧಾನವಾಗಿ ಎಳೆದ ದುಂಡಿನಲ್ಲಿ ಮೂಲೆಗಳು ಹುಟ್ಟಿಕೊಳ್ಳುತ್ತವೆ. ಇನ್ನು ಒತ್ತಕ್ಷರ. ಕೆಲವರು ಅಕ್ಷರದ ಜೊತೆಗೇ ಒತ್ತು ಕೊಟ್ಟು ಮುಂದೆ ಹೋಗುತ್ತಾರೆ, ಕೆಲವರು ಪೂರ್ತಿ ಬರೆದು ವಾಪಸ್ ಬಂದು ಹಾಕುತ್ತಾರೆ. ಗೆರೆಗಳು ಒಂದರ ಮೇಲೊಂದು ಹಾದ ಕಡೆ ಯಾವುದು ಮೊದಲು ಎಂದು ಕೆಲವೊಮ್ಮೆ ಗೊತ್ತಾಗುತ್ತದೆ. ಆಕಾರ ಕದಿಯುವವನಿಗೆ ಈ ಕ್ರಮ ಗೊತ್ತಿರುವುದಿಲ್ಲ.

ಹಾಗಾದರೆ ಅಸಲಿ ಸಹಿಗೆ ಪೂರ್ತಿ ಹೊಂದುವುದು ಒಳ್ಳೆಯ ಲಕ್ಷಣವಾ? ಅಲ್ಲ. ತೀರಾ ಹೊಂದಿದರೇ ಅಪಾಯ. 1860ರ ದಶಕದಲ್ಲಿ ಅಮೆರಿಕದಲ್ಲಿ ಹೌಲ್ಯಾಂಡ್ ಎಂಬ ಶ್ರೀಮಂತ ಮಹಿಳೆಯ ಉಯಿಲಿನ ಮೇಲೆ ದೊಡ್ಡ ವ್ಯಾಜ್ಯ ನಡೆಯಿತು. ಸೋದರ ಸೊಸೆ ತಂದ ಹಾಳೆಯಲ್ಲಿದ್ದ ಸಹಿ, ಉಯಿಲಿನ ಸಹಿಯ ಮೇಲಿಟ್ಟರೆ ಗೆರೆಗೆ ಗೆರೆ ಕೂರುತ್ತಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಆಕೆಯ 42 ಅಸಲಿ ಸಹಿಗಳನ್ನು ಜೋಡಿ ಮಾಡಿ ಹೋಲಿಸಿದರು. ಒಂದು ಸಹಿಯಲ್ಲಿ ಕೆಳಮುಖದ ಗೆರೆಗಳು 30. ಎರಡು ಅಸಲಿ ಸಹಿಗಳಲ್ಲಿ ಹೊಂದುತ್ತಿದ್ದದ್ದು ಸುಮಾರು ಐದು ಗೆರೆಗಳಲ್ಲೊಂದು. 30 ಗೆರೆಗಳೂ ಒಟ್ಟಿಗೆ ಹೊಂದಬೇಕಾದರೆ ಐದನ್ನು ಮೂವತ್ತು ಸಲ ಗುಣಿಸಿ ಬಂದಷ್ಟರಲ್ಲಿ ಒಂದು ಸಲ ಮಾತ್ರ ಸಾಧ್ಯ ಅನ್ನುವುದು ವಾದ. ಅದು 21 ಅಂಕಿಗಳ ಸಂಖ್ಯೆ. ಲೆಕ್ಕದಲ್ಲಿ ಒಂದು ತೂತಿದೆ ಅನ್ನಿ. ಪ್ರತಿ ಗೆರೆಯೂ ಬೇರೆ ಗೆರೆಗಳ ಹಂಗಿಲ್ಲದೆ ಬೀಳುತ್ತದೆ ಎಂದು ಪಿಯರ್ಸ್ ಅಂದುಕೊಂಡರು. ಒಂದೇ ಮೇಜಿನಲ್ಲಿ, ಒಂದೇ ಹೊತ್ತಿನಲ್ಲಿ ಹಾಕಿದ ಸಹಿಗಳು ಜಾಸ್ತಿ ಹೋಲುವುದು ಸಹಜ. ಕೋರ್ಟೂ ಕೊನೆಗೆ ಬೇರೆ ಕಾರಣ ಹಿಡಿದು ತೀರ್ಪು ಕೊಟ್ಟಿತು. ಆದರೂ ಒಂದೇ ಅಚ್ಚಿನಂತಿರುವ ಎರಡು ಸಹಿ ಕಂಡರೆ ಪರೀಕ್ಷಕರಿಗೆ ಇವತ್ತಿಗೂ ಹುಬ್ಬು ಏರುತ್ತದೆ.

ಆಟೋಪೆನ್ ಸಿಕ್ಕಿಬೀಳುವುದು ಹೀಗೆಯೇ. ಇದು ಸಹಿಯ ಅಚ್ಚನ್ನು ಹಿಂಬಾಲಿಸಿ ನಿಜವಾದ ಪೆನ್ನಿನಲ್ಲೇ ಬರೆಯುವ ಯಂತ್ರ. ಇಂಕು ಅಸಲಿ, ಕೈ ಮಾತ್ರ ಇಲ್ಲ. ಒತ್ತಡ ಉದ್ದಕ್ಕೂ ಒಂದೇ ಸಮ, ಗೆರೆಯ ತುದಿಯಲ್ಲಿ ಪೆನ್ನು ನಿಂತ ಚುಕ್ಕಿ. 2022ರಲ್ಲಿ ಗಾಯಕ ಬಾಬ್ ಡಿಲನ್ ಅವರ ಪುಸ್ತಕವೊಂದರ ‘ಸಹಿ ಮಾಡಿದ’ ಪ್ರತಿಗಳು ಸುಮಾರು 600 ಡಾಲರ್‌ಗೆ ಮಾರಾಟವಾದವು. ಕೊಂಡವರು ತಮ್ಮ ತಮ್ಮ ಪ್ರತಿಗಳ ಚಿತ್ರ ಹೋಲಿಸಿ ನೋಡಿದರು, ಗುಟ್ಟು ಹೊರಬಿತ್ತು. ಪ್ರಕಾಶಕರು ಹಣ ವಾಪಸ್ ಕೊಟ್ಟರು, ಡಿಲನ್ ಕ್ಷಮೆ ಕೇಳಿದರು.

ತಮಾಷೆ ಅಂದರೆ 2011ರಲ್ಲಿ ಒಬಾಮಾ ಫ್ರಾನ್ಸ್‌ನಲ್ಲಿದ್ದಾಗ ಒಂದು ಮಸೂದೆಗೆ ಆಟೋಪೆನ್ ಮೂಲಕವೇ ಸಹಿ ಹಾಕಿಸಿದರು. ಅದು ಕಾನೂನಾಯಿತು. ಸರ್ಕಾರಕ್ಕೆ ಒಪ್ಪಿಗೆ ಮುಖ್ಯ, ಸಂಗ್ರಾಹಕನಿಗೆ ಬೆರಳು ಮುಖ್ಯ. ಆಪ್ತ ಕಾರ್ಯದರ್ಶಿ ಹಾಕಿದ್ದು, ರಬ್ಬರ್ ಸ್ಟಾಂಪು, ಫೋಟೋ ಜೊತೆಗೇ ಅಚ್ಚಾದದ್ದು, ಇವೆಲ್ಲ ಅವನಿಗೆ ಬರೀ ಕಾಗದ. ಪ್ರಕಾಶಕರು ಬಿಡಿ ಹಾಳೆ ಕಳಿಸಿ, ಲೇಖಕರಿಂದ ಸಹಿ ಹಾಕಿಸಿ, ಆಮೇಲೆ ಪುಸ್ತಕಕ್ಕೆ ಸೇರಿಸುವುದೂ ಉಂಟು. ಕೈ ಅಸಲಿ, ಆದರೆ ಪುಸ್ತಕವನ್ನು ಮುಟ್ಟಿಲ್ಲ. ಅದಕ್ಕೆ ಒಂದು ಮೆಟ್ಟಿಲು ಕೆಳಗಿನ ಜಾಗ.

ಈ ಕಟ್ಟುನಿಟ್ಟನ್ನು ನಮ್ಮ ಜಿಲ್ಲೆಗಳ ಹಳೇ ಸಹಿಗಳ ಮೇಲೆ ಹೇರಿದರೆ ಏನಾಗುತ್ತದೆ? ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಹೆಸರು ಕೊರೆದಿದ್ದಾರೆ. ಹೊಯ್ಸಳ ಕಾಲದ ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರಂತೂ ಹತ್ತಾರು ಗುಡಿಗಳಲ್ಲಿದೆ. 1196ರ ಅಮೃತಾಪುರದಲ್ಲಿ ಕೆಲಸ ಮಾಡಿದವನ ಹೆಸರು 1258ರ ಸೋಮನಾಥಪುರದಲ್ಲೂ ಇದೆ. ನಡುವೆ ಅರವತ್ತು ವರ್ಷ! ಒಬ್ಬನೇ ಮನುಷ್ಯನಾ, ಅಥವಾ ಅವನ ಹೆಸರಿನಲ್ಲಿ ಶಿಷ್ಯರ ಉಳಿಯೂ ಆಡಿತಾ? ಡಿಲನ್ ಪ್ರತಿ ತಿರಸ್ಕರಿಸಿದವನು ಇದನ್ನೂ ತಿರಸ್ಕರಿಸಬೇಕು. ನಾನಂತೂ ತಿರಸ್ಕರಿಸಲಾರೆ. ಅಲ್ಲಿ ಯಾರೂ ‘ನನ್ನ ಬೆರಳೇ ಮುಟ್ಟಿದೆ’ ಎಂದು ಹೇಳಿ ದುಡ್ಡು ತೆಗೆದುಕೊಂಡಿಲ್ಲ.

ಸಹಿ ಅಸಲಿ ಎಂಬ ಪ್ರಮಾಣಪತ್ರ ಇದೆಯಲ್ಲ ಎಂದು ಸಮಾಧಾನ ಪಡಬೇಡಿ. 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ಹಿಡಿದ ನಕಲಿ ಮಾಲಿಗೂ ಪ್ರಮಾಣಪತ್ರಗಳಿದ್ದವು. ಅದರಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡೂ ಇತ್ತು! ಪ್ರಮಾಣಪತ್ರ ಅಂದರೆ ಇನ್ನೊಬ್ಬರ ಸಹಿ, ಅಷ್ಟೇ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಹಾಸನದವರಿಗೂ ಸಹಿ ಇರುವ ಪ್ರತಿಯ ಆಸೆ ಬಂದರೆ ತಪ್ಪಿಲ್ಲ. ಯಾವ ಲೇಖಕರೇ ಆಗಲಿ, ಎದುರಿಗೆ ಸಿಕ್ಕಾಗ ಸುಮ್ನೆ ಸಹಿ ಕೇಳಬೇಡಿ. ನಿಮ್ಮ ಹೆಸರು, ಊರು, ತಾರೀಕು, ಸಾಧ್ಯವಾದರೆ ಒಂದು ಸಾಲು ಬರೆಸಿಕೊಳ್ಳಿ. ಹೆಸರು ಬರೆಸಿದರೆ ಬೆಲೆ ಇಳಿಯುತ್ತದೆ ಎಂದು ವ್ಯಾಪಾರಿಗಳು ಗೊಣಗುತ್ತಾರೆ, ಗೊಣಗಲಿ. ನಾಲ್ಕಕ್ಷರದ ಸಹಿಯನ್ನು ಕದಿಯಬಹುದು, ಹತ್ತು ಪದಗಳ ಸಾಲನ್ನು ಅದೇ ಓಟದಲ್ಲಿ ಕದಿಯುವುದು ಬಹಳ ಕಷ್ಟ.